ಬೆಂಗಳೂರಿನ ಬೀದಿಗಳಿಗೆ ಹೂವಿನ ಸರದಿ ಕಟ್ಟಿದ ಜರ್ಮನ್ ತೋಟಗಾರ: ಯಾರು ಈ ಕ್ರುಂಬಿಗಲ್?

ಜನವರಿ ಕಳೆಯುತ್ತಿದ್ದಂತೆ ಟಬೂಬಿಯಾ, ಅದರ ಬೆನ್ನಿಗೇ ನೇರಳೆ ಬಣ್ಣದ ಜಕರಂಡ, ಬಿಸಿಲು ಏರಿದಂತೆ ಗುಲ್‌ಮೊಹರ್, ಮಳೆಗಾಲ ಮುಗಿಯುವ ಹೊತ್ತಿಗೆ ಆಕಾಶಮಲ್ಲಿಗೆ. ಬೆಂಗಳೂರಿನಲ್ಲಿ ಒಂದು ಮರದ ಹೂ ಉದುರಿ ಮುಗಿಯುವಷ್ಟರಲ್ಲಿ ಇನ್ನೊಂದು ಮರ ಅರಳಿರುತ್ತದೆ. ಇದು ತಾನಾಗಿ ಆದದ್ದಲ್ಲ. ಯಾವ ತಿಂಗಳಲ್ಲಿ ಯಾವ ಮರ ಹೂ ಬಿಡುತ್ತದೆ ಎಂದು ಲೆಕ್ಕ ಹಾಕಿ, ಬೀದಿಗಳಲ್ಲಿ ಸರದಿಯಂತೆ ಗಿಡ ನೆಡಬೇಕು ಎಂದು ಯೋಚಿಸಿದವರು ಗುಸ್ತಾವ್ ಹರ್ಮನ್ ಕ್ರುಂಬಿಗಲ್.

ಅವರು ಹುಟ್ಟಿದ್ದು 1865ರ ಡಿಸೆಂಬರ್‌ನಲ್ಲಿ, ಜರ್ಮನಿಯ ಡ್ರೆಸ್ಡೆನ್ ಬಳಿಯ ಲೋಮೆನ್ ಎಂಬ ಊರಿನಲ್ಲಿ. ತೋಟಗಾರಿಕೆ ಕಲಿತು, 1888ರಲ್ಲಿ ಇಂಗ್ಲೆಂಡ್‌ಗೆ ಹೋಗಿ ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಹೂಪಾತಿಗಳ ಕೆಲಸ ಮಾಡಿದರು. ನಂತರ ಕ್ಯೂ ಸಸ್ಯೋದ್ಯಾನ ಸೇರಿದರು. ಜಗತ್ತಿನ ಮೂಲೆಮೂಲೆಯ ಬೀಜ ಬಂದು ಸೇರುತ್ತಿದ್ದ ಜಾಗ ಅದು.

ನಾಸಿಕ್‌ನ ರೈತರ ಮಗ ಕರೆದ

1893ರಲ್ಲಿ ಅವರು ಭಾರತಕ್ಕೆ ಬಂದದ್ದು ಬರೋಡಾ ಸಂಸ್ಥಾನದ ಕೆಲಸಕ್ಕೆ. ಆಗ ಅಲ್ಲಿ ಆಳುತ್ತಿದ್ದವರು ಮೂರನೇ ಸಯಾಜಿರಾವ್ ಗಾಯಕವಾಡ್. ಈ ಅರಸ ಹುಟ್ಟಿದ್ದು ಅರಮನೆಯಲ್ಲಲ್ಲ, ಇಂದಿನ ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಕವಳಾಣೆ ಎಂಬ ಹಳ್ಳಿಯ ರೈತ ಮನೆಯಲ್ಲಿ. 1875ರಲ್ಲಿ ದತ್ತು ಹೋಗಿ ಸಿಂಹಾಸನ ಏರಿದವರು. ಅವರ ಸಂಸ್ಥಾನದ ತೋಟಗಳಲ್ಲೇ ಕ್ರುಂಬಿಗಲ್ ಸುಮಾರು ಹದಿನೈದು ವರ್ಷ ದುಡಿದು, ನಮ್ಮ ಬಿಸಿಲು, ಮಳೆ, ಮಣ್ಣನ್ನು ಅರಿತರು.

1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರನ್ನು ಮೈಸೂರು ಸಂಸ್ಥಾನಕ್ಕೆ ಕರೆಸಿಕೊಂಡರು. ಜಾನ್ ಕ್ಯಾಮರಾನ್ ನಂತರ ಲಾಲ್‌ಬಾಗ್ ಅವರ ಕೈಗೆ ಬಂತು.

ಬೀಜದ ವ್ಯವಹಾರ

ಅಲ್ಲಿ ಅವರು ಮಾಡಿದ ದೊಡ್ಡ ಕೆಲಸ ಕಣ್ಣಿಗೆ ಕಾಣುವಂಥದ್ದಲ್ಲ. ಹೊರದೇಶಗಳ ಸಸ್ಯೋದ್ಯಾನಗಳೊಂದಿಗೆ ಬೀಜ ವಿನಿಮಯ ನಡೆಸಿದರು. ಇಲ್ಲಿಂದ ಬೀಜ ಹೋಗುತ್ತಿತ್ತು, ಅಲ್ಲಿಂದ ಬರುತ್ತಿತ್ತು. ಹೂಗಿಡಗಳಷ್ಟೇ ಅಲ್ಲ, ದನಗಳಿಗೆ ರೋಡ್ಸ್ ಹುಲ್ಲು, ಹೊಲಕ್ಕೆ ಸೋಯಾ ಅವರೆ, ಅಮೆರಿಕದ ಮೆಕ್ಕೆಜೋಳವೂ ಬಂದವು.

ಕೇಳಲು ಸುಲಭ, ಮಾಡಲು ಕಷ್ಟ. ಆಗ ಬೀಜ ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ ಮಾಡಬೇಕಿತ್ತು. ಟಬೂಬಿಯಾದಂಥ ಮರಗಳ ತೆಳುರೆಕ್ಕೆಯ ಬೀಜ ಬೇಗ ಜೀವ ಕಳೆದುಕೊಳ್ಳುತ್ತದೆ, ತಾಜಾ ಇದ್ದಾಗಲೇ ಬಿತ್ತಬೇಕು. ಗುಲ್‌ಮೊಹರ್‌ನದು ಇದಕ್ಕೆ ಉಲ್ಟಾ. ಕತ್ತಿಯಂಥ ಕಾಯಿಯೊಳಗಿನ ಬೀಜದ ಸಿಪ್ಪೆ ಎಷ್ಟು ಗಟ್ಟಿ ಎಂದರೆ, ಬಿಸಿನೀರಿನಲ್ಲಿ ನೆನೆಸದೆಯೋ ಉಜ್ಜದೆಯೋ ಹಾಗೇ ಬಿತ್ತಿದರೆ ಮೊಳಕೆಗೆ ಬಹಳ ದಿನ ಕಾಯಬೇಕು. ಇನ್ನು ಬೀಜದಿಂದ ಎದ್ದ ಸಸಿ ತಾಯಿಗಿಡದ ಬಣ್ಣವನ್ನೇ ಹೊತ್ತು ಬರುತ್ತದೆ ಎಂಬ ಖಾತ್ರಿ ಇಲ್ಲ. ಅದೇ ತಳಿ ಬೇಕೆಂದರೆ ಕಸಿಯೋ ಕಡ್ಡಿಯೋ ಆಗಬೇಕು. ಇಷ್ಟಾದ ಮೇಲೂ ಮರ ಮೊದಲ ಹೂ ಬಿಡಲು ವರ್ಷಗಟ್ಟಲೆ ಬೇಕು. ದಕ್ಷಿಣ ಅಮೆರಿಕದ ಮರ ಈ ನೆಲದಲ್ಲಿ ಯಾವ ತಿಂಗಳಲ್ಲಿ ಅರಳುತ್ತದೆ ಎಂಬುದು ಅದು ಅರಳಿದ ಮೇಲಷ್ಟೇ ಖಚಿತ. ಸರದಿ ಕಟ್ಟುವುದೆಂದರೆ ಅಷ್ಟು ವರ್ಷ ಕಾದು ಗಮನಿಸುವುದು.

ಇಲ್ಲೊಂದು ಮಾತು ಹೇಳಲೇಬೇಕು. ಬೆಂಗಳೂರಿನ ಪ್ರತಿ ಹೂಮರವನ್ನೂ ಕ್ರುಂಬಿಗಲ್ ಖಾತೆಗೆ ಬರೆಯುವ ರೂಢಿ ಸಾಮಾಜಿಕ ಜಾಲತಾಣಗಳಲ್ಲಿದೆ. ಅದು ಸರಿಯಲ್ಲ. ಅವರಿಗಿಂತ ಮುಂಚೆಯೇ ಕ್ಯಾಮರಾನ್ ಎಷ್ಟೋ ವಿದೇಶಿ ಗಿಡಗಳನ್ನು ತಂದಿದ್ದರು. ಇಂದು ನಾವು ಫೋಟೊ ತೆಗೆಯುವ ಅನೇಕ ಮರಗಳು 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ನೇತೃತ್ವದಲ್ಲಿ ನೆಟ್ಟವು. ಕ್ರುಂಬಿಗಲ್ ಕೊಟ್ಟದ್ದು ಸರದಿಯ ಆ ಯೋಚನೆಯನ್ನು.

ಶತ್ರು ದೇಶದವ

1932ರಲ್ಲಿ ನಿವೃತ್ತರಾಗುವ ಹೊತ್ತಿಗೆ ಕೆಆರ್‌ಎಸ್ ಬಳಿಯ ಬೃಂದಾವನದ ವಿನ್ಯಾಸದಲ್ಲೂ ಅವರ ಕೈ ಸೇರಿತ್ತು. ಲಾಲ್‌ಬಾಗ್ ಹೊಣೆ ಎಚ್.ಸಿ. ಜವರಾಯ ಅವರಿಗೆ ಬಂತು. ಕ್ರುಂಬಿಗಲ್ ಮಾತ್ರ ಊರಿಗೆ ಮರಳಲಿಲ್ಲ, ಬೆಂಗಳೂರಿನಲ್ಲೇ ಉಳಿದರು.

ಎರಡನೇ ಮಹಾಯುದ್ಧ ಶುರುವಾದಾಗ ಅವರಿಗೆ ಎಪ್ಪತ್ತು ದಾಟಿತ್ತು. ಭಾರತಕ್ಕೆ ಬಂದು ನಾಲ್ಕು ದಶಕಗಳ ಮೇಲಾಗಿತ್ತು. ಆದರೂ ಬ್ರಿಟಿಷರ ಕಡತದಲ್ಲಿ ಅವರು ಜರ್ಮನ್, ಅಂದರೆ ಶತ್ರು ದೇಶದವ. ಇಲ್ಲಿದ್ದ ಇತರ ಜರ್ಮನ್ನರ ಜೊತೆ ಅವರನ್ನೂ ಬಂಧನ ಶಿಬಿರದಲ್ಲಿ ಇಟ್ಟರು. ಕ್ಯೂನಲ್ಲಿ ಪಳಗಿದ, ಬ್ರಿಟಿಷರ ಊರಿಗೂ ಹೂಪಾತಿ ಹಾಕಿಕೊಟ್ಟ ಮನುಷ್ಯನಿಗೆ ಇಳಿವಯಸ್ಸಿನಲ್ಲಿ ಸಿಕ್ಕಿದ್ದು ಇದು.

ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು. ಕ್ರುಂಬಿಗಲ್ ಬೆಂಗಳೂರು ಬಿಡಲಿಲ್ಲ. 1956ರ ಫೆಬ್ರವರಿಯಲ್ಲಿ, 90ನೇ ವಯಸ್ಸಿನಲ್ಲಿ ಇಲ್ಲೇ ತೀರಿಕೊಂಡರು. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಲಾಲ್‌ಬಾಗ್ ಪಕ್ಕದ ರಸ್ತೆಗೆ ಅವರ ಹೆಸರಿದೆ. ಉದ್ಯಾನದೊಳಗೆ ಅವರ ಹೆಸರಿನಲ್ಲಿದ್ದ ಹಳೆಯ ಉಪನ್ಯಾಸ ಭವನ ಮಾತ್ರ ವರ್ಷಗಟ್ಟಲೆ ಪಾಳುಬಿದ್ದು, 2017ರಲ್ಲಿ ನೆಲಸಮವಾಯಿತು.