ಪಾತ್ರಿಯ ಬಾಗಿಲಿಗೆ ಹೋದ ಮನೋವೈದ್ಯ

ಮಾನಸಿಕ ಆರೋಗ್ಯ ಅಂದ್ರೆ ನಮ್ಮ ತಲೆಮಾರಿಗೆ ಆಪ್, ಥೆರಪಿ, ರೀಲ್ಸು. ಐವತ್ತು ವರ್ಷದ ಹಿಂದೆ ಡಾ. ಆರ್.ಎಲ್. ಕಪೂರ್ ಕೇಳಿದ ಪ್ರಶ್ನೆ ಬೇರೆ: ಮನಸ್ಸು ಕೆಟ್ಟಾಗ ಹಳ್ಳಿಯವರು ಯಾರ ಹತ್ತಿರ ಹೋಗ್ತಾರೆ?

ಎಡಿನ್‌ಬರೋದಲ್ಲಿ ಪಿಎಚ್‌ಡಿ ಮಾಡಿದ್ದ ಕಪೂರ್, ಅಲ್ಲಿನ ಪ್ರೊಫೆಸರ್ ಕಾರ್‌ಸ್ಟೇರ್ಸ್ ಜೊತೆ ಅಧ್ಯಯನಕ್ಕೆ ಆರಿಸಿಕೊಂಡದ್ದು ಕರಾವಳಿಯ ಕೋಟ, ಶಿವರಾಮ ಕಾರಂತರ ಹುಟ್ಟೂರು. ಬ್ರಾಹ್ಮಣ, ಬಂಟ, ಮೊಗವೀರ ಮನೆಗಳಲ್ಲಿ ಕೂತು ಮಾತಾಡಿಸಿದರು. ಇಂಗ್ಲೆಂಡಿನ ಪ್ರಶ್ನಾವಳಿ ಇಲ್ಲಿಗೆ ಒಗ್ಗಲ್ಲ ಅಂತ ನಮ್ಮ ಜನಕ್ಕೇ ಬೇರೆಯದನ್ನು ರೂಪಿಸಿದರು. ಅಳಿಯಸಂತಾನದ ಕಟ್ಟು ಸಡಿಲವಾಗುತ್ತಿದ್ದ ಕಾಲ ಅದು. ಆಸ್ತಿಯ ನಿಯಮ ಬದಲಾದರೆ ಮನಸ್ಸಿಗೆ ಏನಾಗುತ್ತೆ ಅನ್ನೋದೂ ಅವರ ಹುಡುಕಾಟದಲ್ಲಿತ್ತು. 1976ರಲ್ಲಿ ಅದು ಪುಸ್ತಕವಾಯಿತು: 'ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ'.

ಊರಿನ ಪಂಡಿತರು, ಮಂತ್ರವಾದಿಗಳು, ದೈವ ಮೈಮೇಲೆ ಬರುವ ಪಾತ್ರಿಗಳು ಹೇಗೆ ಕೆಲಸ ಮಾಡ್ತಾರೆ ಅಂತಲೂ ಕಪೂರ್ ನೋಡಿದರು. ಗೇಲಿಯೂ ಮಾಡಲಿಲ್ಲ, ಹೊತ್ತು ಮೆರೆಸಲೂ ಇಲ್ಲ. ಜನ ಡಾಕ್ಟರ ಹತ್ತಿರವೂ ಹೋಗ್ತಿದ್ದರು, ಪಾತ್ರಿ ಹತ್ತಿರವೂ ಹೋಗ್ತಿದ್ದರು. ಅವರಿಗೆ ಇದರಲ್ಲಿ ವಿರೋಧವೇ ಕಂಡಿರಲಿಲ್ಲ.

ಆಮೇಲೆ ಬೆಂಗಳೂರಿನ ನಿಮ್ಹಾನ್ಸ್. ದೇಶದಲ್ಲಿ ಮನೋವೈದ್ಯರು ಬೆರಳೆಣಿಕೆಯಷ್ಟು, ರೋಗಿಗಳು ಲಕ್ಷಗಟ್ಟಲೆ. ಎಂಜಿನಿಯರಿಂಗ್ ಓದಿದ ನನಗೆ ಇಲ್ಲಿ ಕಾಣೋದು ಸರಳ ಲೆಕ್ಕ: ತಜ್ಞರನ್ನೇ ಕಾಯುತ್ತಾ ಕೂತರೆ ಎಂದಿಗೂ ಮುಗಿಯದ ಕೆಲಸ. ಕಪೂರ್ ಮತ್ತು ಸಂಗಡಿಗರು ಸಮುದಾಯ ಮನೋವೈದ್ಯ ಘಟಕ ಕಟ್ಟಿದರು. ಸಕಲವಾರದ ಗ್ರಾಮೀಣ ಕೇಂದ್ರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಕಾರ್ಯಕರ್ತರಿಗೆ ತರಬೇತಿ ಶುರುವಾಯಿತು. ಇಂಥ ಪ್ರಯೋಗಗಳ ಬೆನ್ನಿಗೇ 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಿಂದ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಇದನ್ನು ಇಡೀ ಜಿಲ್ಲೆಗೆ ಹಬ್ಬಿಸಿತು. ಆ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಕಾರ್ಯಕ್ರಮವಾಯಿತು.

ಮುಂದೆ ಕಪೂರ್ ಸನ್ಯಾಸಿಗಳ ನಡುವೆ ಓಡಾಡಿ ಅವರ ಮನಸ್ಸನ್ನು ಅರಿಯಲು ಹೊರಟರು. 2006ರಲ್ಲಿ ತೀರಿಕೊಂಡರು, ಆ ಪುಸ್ತಕ ಹೊರಬಂದದ್ದು 2009ರಲ್ಲಿ.

ನಮ್ಮ ಹಳ್ಳಿಮೈಸೂರು ಕಡೆ ಈಗಲೂ ಮೊದಲು ದೇವರು ಕೇಳಿಸ್ತಾರೆ, ಯಂತ್ರ ಕಟ್ಟಿಸ್ತಾರೆ. ಅದನ್ನು ಮೂಢನಂಬಿಕೆ ಅಂತ ಬೈಯೋದು ಸುಲಭ. ಬೈದವರು ಮಾತ್ರೆ ತಂದುಕೊಡಲ್ಲ. ಸರಪಳಿ, ಬಾಸುಂಡೆ ಎಲ್ಲಿದ್ದರೂ ತಡೆಯಲೇಬೇಕು, ಅದರಲ್ಲಿ ರಾಜಿಯಿಲ್ಲ. ಆದರೆ ಬಡವರು ಗುಡಿಯ ಬಾಗಿಲು ತಟ್ಟೋದು, ಅದು ಹತ್ತಿರದಲ್ಲಿದೆ, ಅಲ್ಲಿ ಯಾರೋ ಕೂತು ಕೇಳ್ತಾರೆ ಅಂತಲೂ ಹೌದು. ಸರ್ಕಾರಿ ಆಸ್ಪತ್ರೆಗೆ ಅಷ್ಟಾದರೂ ಬರಬೇಡವೇ? ಮುಂದಿನ ಸಲ ವೋಟು ಕೇಳೋಕೆ ಬಂದವರನ್ನು ರಸ್ತೆ, ನೀರಿನ ಜೊತೆ ಇದನ್ನೂ ಕೇಳಿ: ನಮ್ಮ ಪಿಎಚ್‌ಸಿಯಲ್ಲಿ ಮನಸ್ಸಿನ ಕಾಯಿಲೆಗೆ ಮಾತ್ರೆ ಇದೆಯಾ? ಕೊಡೋಕೆ ಡಾಕ್ಟರಿದ್ದಾರಾ?