ಮಾಲ್ಗುಡಿಗಿಂತ ಮೊದಲು ಮಹಾನಗರದ ಕತ್ತಲು ಕಂಡ ಶಂಕರ್‌ನಾಗ್

ಸಂತೆಗುಳಿ (ಕುಮಟಾ): ಶಂಕರ್‌ನಾಗ್ ಎಂದೊಡನೆ ಸಂತೆಗುಳಿಯಿಂದ ಭಟ್ಕಳದವರೆಗಿನ ಸೀಮೆಗೆ ಹೊನ್ನಾವರ ನೆನಪಾದರೆ, ಉಳಿದ ನಾಡಿಗೆ ನೆನಪಾಗುವುದು ಮಾಲ್ಗುಡಿ. ಆದರೆ ಅವರ ಕ್ಯಾಮೆರಾ ಆ ಮುಗ್ಧ ಊರನ್ನು ಸೇರುವ ಮೊದಲು ಮಹಾನಗರದ ಕರಾಳ ಮುಖವನ್ನು ನೇರವಾಗಿಯೇ ನೋಡಿತ್ತು.

1954ರ ನವೆಂಬರ್ 9ರಂದು ಹೊನ್ನಾವರದಲ್ಲಿ ಜನಿಸಿದ ಅವರು ಮುಂಬೈಯ ಮರಾಠಿ ರಂಗಭೂಮಿಯಲ್ಲಿ ಪಳಗಿದರು. ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978) ಚಿತ್ರದಿಂದ ನಟರಾದರು. ‘ಆಟೋ ರಾಜ’ (1980) ಅವರನ್ನು ಆಟೋ ಚಾಲಕರ ಆರಾಧ್ಯ ದೈವವನ್ನಾಗಿಸಿತು. ಅದೇ ವರ್ಷ ‘ಮಿಂಚಿನ ಓಟ’ದ ಮೂಲಕ ನಿರ್ದೇಶಕರೂ ಆದರು. ಕಾರು ಕಳ್ಳರ ಬದುಕೇ ಅದರ ವಸ್ತು.

ಅವರ ನಿಜವಾದ ಧೈರ್ಯ ಕಾಣುವುದು ‘ಆಕ್ಸಿಡೆಂಟ್’ ಚಿತ್ರದಲ್ಲಿ. ಪ್ರಭಾವಿ ರಾಜಕಾರಣಿಯ ಮಗ ಅಮಲಿನಲ್ಲಿ ಕಾರು ಓಡಿಸಿ, ರಾತ್ರಿ ರಸ್ತೆ ಬದಿಯಲ್ಲಿ ಮಲಗಿದ್ದ ಕೂಲಿಕಾರರ ಮೇಲೆ ಹರಿಸುತ್ತಾನೆ. ಮುಂದೆ ನಡೆಯುವುದು ಪ್ರಕರಣ ಮುಚ್ಚಿಹಾಕುವ ಯತ್ನ. ತಂದೆಯಾಗಿ ಅಣ್ಣ ಅನಂತನಾಗ್, ಸತ್ಯ ಅರಸುವ ಪತ್ರಕರ್ತನಾಗಿ ಶಂಕರ್ ನಟಿಸಿದರು. ತಾರೆಯೆನಿಸಿದ ನಟನೊಬ್ಬ ಹಾಡುಗಳ ಹಂಗಿಲ್ಲದೆ, ಮಡಿದವರ ಪರವಾಗಿ ಇಂಥ ಚಿತ್ರ ಮಾಡಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. 1984ರ ಸಾಲಿನ ರಾಷ್ಟ್ರ ಪ್ರಶಸ್ತಿಗಳಲ್ಲಿ ಇದು ಸಾಮಾಜಿಕ ವಿಷಯ ಕುರಿತ ಅತ್ಯುತ್ತಮ ಚಿತ್ರವೆನಿಸಿತು.

ಅನಂತರ ಬಂದದ್ದು ದೂರದರ್ಶನದ ‘ಮಾಲ್ಗುಡಿ ಡೇಸ್’. ಆರ್.ಕೆ. ನಾರಾಯಣ್ ಅವರ ‘ಗೈಡ್’ ಕಾದಂಬರಿಯನ್ನು 1965ರಲ್ಲಿ ಹಿಂದಿ ಚಿತ್ರರಂಗ ರಾಜಸ್ಥಾನಕ್ಕೆ ಒಯ್ದಿತ್ತು. ಲೇಖಕರಿಗೆ ಅದು ರುಚಿಸಿರಲಿಲ್ಲ. ಶಂಕರ್ ಮಾತ್ರ ಮಲೆನಾಡಿನ ಆಗುಂಬೆಯಲ್ಲೇ ಮಾಲ್ಗುಡಿಯನ್ನು ಕಟ್ಟಿದರು. ಮಾಸ್ಟರ್ ಮಂಜುನಾಥ್ ಸ್ವಾಮಿಯಾಗಿ ಮನೆಮಾತಾದರು. ಹಿರಿತೆರೆ ಕಳೆದುಕೊಂಡಿದ್ದ ಊರು ಕಿರುತೆರೆಯಲ್ಲಿ ಮರಳಿ ದೊರೆಯಿತು.

1990ರ ಸೆಪ್ಟೆಂಬರ್ 30ರಂದು ‘ಜೋಕುಮಾರಸ್ವಾಮಿ’ ಚಿತ್ರೀಕರಣಕ್ಕೆ ಹೊರಟಿದ್ದ ಅವರು ದಾವಣಗೆರೆ ಬಳಿಯ ಆನಗೋಡಿನಲ್ಲಿ ಕಾರು ಅಪಘಾತದಲ್ಲಿ ನಿಧನರಾದರು. ಆಗ ಅವರಿಗಿನ್ನೂ 35 ವರ್ಷ.

2006ರಲ್ಲಿ ಕವಿತಾ ಲಂಕೇಶ್ ‘ಮಾಲ್ಗುಡಿ ಡೇಸ್’ಗೆ ಹೊಸ ಕಂತುಗಳನ್ನು ನಿರ್ದೇಶಿಸಿದರು. ಹಳೆಯದನ್ನು ಮತ್ತೆ ಕಟ್ಟುವ ಕಿರುತೆರೆಗೆ ಮಾಲ್ಗುಡಿಯಂಥ ನೆಮ್ಮದಿಯ ಊರು ಬೇಗ ಒಗ್ಗುತ್ತದೆ. ರಸ್ತೆ ಬದಿಯಲ್ಲಿ ಮಲಗಿದವರ ಕಥೆ ‘ಆಕ್ಸಿಡೆಂಟ್’ ಕೂಡ ಅಷ್ಟೇ ಶಂಕರ್‌ನಾಗ್ ಅವರದು.