ಕಡಲ ಕಪ್ತಾನ ಕಟ್ಟಿದ ಊರ ಕಾವಲು

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಸಮಿತಿಯವರು ಕೇಳಿದಾಗ, ಶಾಲೆಯ ನೆನಪುಗಳನ್ನು ನನಗಿಂತ ಹಿರಿಯರು ನನಗಿಂತ ಚೆನ್ನಾಗಿ ಬರೆಯುತ್ತಾರೆ ಅನಿಸಿತು. ಅದರ ಬದಲು ನಮ್ಮ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಇಲ್ಲದ ಒಬ್ಬರ ಜೀವನವನ್ನು ಹೇಳುತ್ತೇನೆ. ಅವರ ಹೆಸರು ಯೊಹಾನ್ ಪಿಟ್ಕಾ. ಊರು ಎಸ್ಟೋನಿಯಾ ದೇಶದ್ದು. ಅಲ್ಲಿ ಅವರ ಹೆಸರು ಗೊತ್ತಿಲ್ಲದ ಶಾಲಾ ಮಕ್ಕಳಿಲ್ಲ, ಇಲ್ಲಿ ಕೇಳಿದವರು ಬೆರಳೆಣಿಕೆಯಷ್ಟು.

ನಾನು ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ ಪ್ರಾಜೆಕ್ಟ್ ನಿಮಿತ್ತ ಆ ದೇಶದ ರಾಜಧಾನಿ ತಾಲಿನ್‌ನಲ್ಲಿ ಕೆಲವು ತಿಂಗಳು ಇದ್ದೆ. ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಸಹೋದ್ಯೋಗಿ ಕೆಲವು ಶುಕ್ರವಾರ ಸಂಜೆ ದೊಡ್ಡ ಚೀಲ ಹೊತ್ತು ಹೊರಡುತ್ತಿದ್ದ. ಶನಿವಾರ, ಭಾನುವಾರ ಕಾಡಿನಲ್ಲಿ ಸೈನಿಕ ತರಬೇತಿ. ಸೋಮವಾರ ಮತ್ತೆ ನಮ್ಮ ಜೊತೆ ಕಂಪ್ಯೂಟರ್ ಮುಂದೆ. ಅವನು ಸೈನಿಕನಲ್ಲ, ಸಂಬಳವೂ ಇಲ್ಲ. ಅವನು ಸೇರಿದ್ದ ಸಂಸ್ಥೆಯ ಹೆಸರು ಕೈತ್ಸೆಲೀಟ್, ಅಂದರೆ ರಕ್ಷಣಾ ಸಂಘ. ನಮ್ಮ ಕಡೆ ಜಾತ್ರೆ, ಚುನಾವಣೆ ಬಂದಾಗ ಖಾಕಿ ತೊಟ್ಟು ನಿಂತು, ಮರುದಿನ ತಮ್ಮ ಹೊಲ ಅಂಗಡಿಗೆ ಹೋಗುವ ಗೃಹರಕ್ಷಕ ದಳದವರನ್ನು ನೋಡಿದ್ದೇವೆ. ನಮ್ಮ ದೇಶದಲ್ಲಿ 1949ರಲ್ಲಿ ಆರಂಭವಾದ ಪ್ರಾದೇಶಿಕ ಸೇನೆಯೂ ಇದೆ. ಕೈತ್ಸೆಲೀಟ್ ಇವೆರಡರ ನಡುವಿನದು ಎಂದು ತಿಳಿದುಕೊಳ್ಳಬಹುದು. ಆದರೆ ಅದರ ಸದಸ್ಯರಿಗೆ ಅನುಮತಿಯಿದ್ದರೆ ಬಂದೂಕನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದು. ಏಕೆ ಹೀಗೆ ಎಂದು ವಿಚಾರಿಸುತ್ತಾ ಹೋದಾಗ ನನಗೆ ಪಿಟ್ಕಾ ಸಿಕ್ಕರು.

ಪಿಟ್ಕಾ ಹುಟ್ಟಿದ್ದು 1872ರ ಫೆಬ್ರವರಿ 19ರಂದು, ಯಾಲ್ಗ್ಸೆಮಾ ಎಂಬ ಹಳ್ಳಿಯಲ್ಲಿ. ಆಗ ಎಸ್ಟೋನಿಯಾ ರಷ್ಯಾ ಚಕ್ರವರ್ತಿಯ ಅಧೀನದಲ್ಲಿತ್ತು. ಜಮೀನ್ದಾರರು ಜರ್ಮನ್ ಮೂಲದವರು, ಅಧಿಕಾರಿಗಳು ರಷ್ಯನ್ನರು, ಉಳಿದವರು ಎಸ್ಟೋನಿಯನ್ ರೈತರು. ಹಳ್ಳಿಯ ಹುಡುಗ ಮೇಲೆ ಬರಲು ಇದ್ದ ಒಂದು ದಾರಿ ಸಮುದ್ರ. ಕಡಲ ತೀರದ ಊರುಗಳಲ್ಲಿ ಎಸ್ಟೋನಿಯನ್ ಮಕ್ಕಳಿಗೆ ನೌಕಾ ಶಾಲೆಗಳು ತೆರೆದಿದ್ದವು. ಪಿಟ್ಕಾ ಅಂಥ ಶಾಲೆಗಳಲ್ಲಿ ಕಲಿತು ವ್ಯಾಪಾರಿ ಹಡಗಿನ ಕಪ್ತಾನರಾದರು. ಕೆಲವು ವರ್ಷ ಬ್ರಿಟನ್‌ನಲ್ಲಿದ್ದು ಹಡಗು ವ್ಯವಹಾರ ಮಾಡಿ, ತಾಲಿನ್‌ಗೆ ಮರಳಿ ಅಲ್ಲೂ ಅದನ್ನೇ ಮುಂದುವರಿಸಿದರು. ನಲವತ್ತೈದು ವರ್ಷ ದಾಟುವವರೆಗೆ ಅವರು ಒಬ್ಬ ಅನುಕೂಲಸ್ಥ ವ್ಯಾಪಾರಿ, ಸಂಸಾರಸ್ಥ. ಯುದ್ಧಕ್ಕೂ ಅವರಿಗೂ ಸಂಬಂಧವಿರಲಿಲ್ಲ.

1917ರಲ್ಲಿ ರಷ್ಯಾದಲ್ಲಿ ಕ್ರಾಂತಿಯಾಗಿ ಚಕ್ರವರ್ತಿ ಹೋದ. ಸೈನ್ಯ ಚದುರಿ, ಸೈನಿಕರ ಗುಂಪುಗಳು ಊರೂರು ಅಲೆಯತೊಡಗಿದವು. ಮನೆ, ಉಗ್ರಾಣಗಳನ್ನು ಕಾಯಲು ಊರವರೇ ಸೇರಿ ಓಮಕೈತ್ಸೆ ಎಂಬ ಕಾವಲು ದಳಗಳನ್ನು ಮಾಡಿಕೊಂಡರು. 1918ರ ಫೆಬ್ರವರಿ 24ರಂದು ಎಸ್ಟೋನಿಯಾ ಸ್ವಾತಂತ್ರ್ಯ ಘೋಷಿಸಿತು. ಮಾರನೆಯ ದಿನವೇ ಜರ್ಮನ್ ಸೈನ್ಯ ತಾಲಿನ್ ಹೊಕ್ಕಿತು. ಹೀಗೆ ಒಂದು ದಿನದ ಸ್ವಾತಂತ್ರ್ಯ. ನವೆಂಬರ್ 11ರಂದು ಜರ್ಮನಿ ಸೋತು ಮಹಾಯುದ್ಧ ನಿಂತಾಗ ಅವರ ಸೈನ್ಯ ಹೊರಡಲು ಸಿದ್ಧವಾಯಿತು. ಅವರು ಹೋದರೆ ರಷ್ಯಾದ ಕೆಂಪು ಸೇನೆ ಬರುವುದು ಖಚಿತ. ಹೊಸ ಸರ್ಕಾರದ ಕೈಯಲ್ಲಿ ಸೈನ್ಯವಿಲ್ಲ, ಹಣವಿಲ್ಲ. ಬಂದೂಕುಗಳಂತೂ ಬಹಳ ಕಡಿಮೆ.

ಅದೇ ನವೆಂಬರ್ 11ರಂದು ಹಳೆಯ ಕಾವಲು ದಳಗಳನ್ನು ಕೈತ್ಸೆಲೀಟ್ ಎಂಬ ಹೆಸರಿನಲ್ಲಿ ಮತ್ತೆ ಒಟ್ಟುಗೂಡಿಸಲಾಯಿತು. ಅದಕ್ಕೆ ಮುಂದಾಳಾಗಿ ನಿಂತವರು ಪಿಟ್ಕಾ. ಸೇನಾಧಿಕಾರಿಗಳು ಊರಲ್ಲಿ ಇರಲಿಲ್ಲವೆಂದಲ್ಲ. ಆದರೆ ಆ ಹೊತ್ತಿಗೆ ಬೇಕಾಗಿದ್ದು ಯಾವ ಗೋದಾಮಿನಲ್ಲಿ ಏನಿದೆ, ಯಾರ ಹತ್ತಿರ ಕಬ್ಬಿಣವಿದೆ, ಯಾವ ಹಡಗು ಬಂದರಿನಲ್ಲಿದೆ, ಯಾರ ಮಾತು ನಂಬಬಹುದು ಎಂದು ತಿಳಿದವರು. ಕಪ್ತಾನ ಪಿಟ್ಕಾಗೆ ಇದೆಲ್ಲ ಬಾಯಿಪಾಠ. ಕೆಲವೇ ದಿನಗಳಲ್ಲಿ ಕಾವಲು ಸರದಿ ಹಾಕಿದರು, ಹೊರಟು ಹೋಗುವ ಜರ್ಮನ್ನರು ಸಾಮಾನು ಸಾಗಿಸದಂತೆ ನೋಡಿಕೊಂಡರು, ರಸ್ತೆಗಳಲ್ಲಿ ಶಾಂತಿ ಉಳಿಸಿದರು.

ನವೆಂಬರ್ 28ರಂದು ಗಡಿಯ ನಾರ್ವಾ ಪಟ್ಟಣದ ಮೇಲೆ ಕೆಂಪು ಸೇನೆಯ ದಾಳಿ ಆರಂಭವಾಯಿತು. ಸರ್ಕಾರ ಜನರನ್ನು ಸೈನ್ಯಕ್ಕೆ ಕರೆದರೂ ಬಂದವರು ಕಡಿಮೆ. ನಾಲ್ಕು ವರ್ಷ ಯಾರದೋ ಯುದ್ಧದಲ್ಲಿ ಸತ್ತು ಸುಣ್ಣವಾಗಿದ್ದ ಜನ, ಅದೂ ಸೋಲುತ್ತದೆಂದು ಎಲ್ಲರೂ ಹೇಳುತ್ತಿದ್ದ ಯುದ್ಧಕ್ಕೆ ಏಕೆ ಬಂದಾರು? ಮೊದಲು ಬಂದವರಲ್ಲಿ ಪ್ರೌಢಶಾಲೆಯ ಹುಡುಗರು ಬಹಳ ಮಂದಿ. ಕೆಲವೆಡೆ ಮೇಷ್ಟ್ರುಗಳೂ ಶಿಷ್ಯರೂ ಒಟ್ಟಿಗೇ ಹೋದರು. ತಾಲಿನ್‌ನ ಒಂದು ಹಳೆಯ ಶಾಲೆಯ ಮುಂದೆ, ಆ ಯುದ್ಧದಲ್ಲಿ ಮಡಿದ ಮೇಷ್ಟ್ರು, ವಿದ್ಯಾರ್ಥಿಗಳ ನೆನಪಿಗೆ ನಿಲ್ಲಿಸಿದ ಹುಡುಗನ ಪ್ರತಿಮೆಯಿದೆ. 1927ರಲ್ಲಿ ಇಟ್ಟ ಪ್ರತಿಮೆಯನ್ನು ಸೋವಿಯತ್ ಕಾಲದಲ್ಲಿ ತೆಗೆದುಹಾಕಿ, ಸ್ವಾತಂತ್ರ್ಯ ಮರಳಿದ ನಂತರ ಮತ್ತೆ ಇಟ್ಟರು. ಹತ್ತನೇ ತರಗತಿಯ ನಮ್ಮ ಬೆಂಚಿನ ಹುಡುಗರನ್ನು ಅಲ್ಲಿ ನಿಲ್ಲಿಸಿ ಊಹಿಸಿಕೊಂಡಾಗ ನನಗೆ ಹೆಮ್ಮೆಗಿಂತ ಭಯವೇ ಹೆಚ್ಚಾಯಿತು.

ಪಿಟ್ಕಾ ಮಾಡಿದ ಕೆಲಸಗಳಲ್ಲಿ ಎಂಜಿನಿಯರ್ ಆದ ನನಗೆ ಬಹಳ ಹಿಡಿಸಿದ್ದು ಕವಚ ರೈಲುಗಳು. ಟ್ಯಾಂಕು ಮಾಡುವ ಕಾರ್ಖಾನೆ ಇರಲಿಲ್ಲ, ಆದರೆ ರೈಲು ದುರಸ್ತಿ ಶೆಡ್ಡುಗಳಿದ್ದವು. ಸಾಮಾನು ಸಾಗಿಸುವ ಬೋಗಿಗಳಿಗೆ ಎರಡು ಪದರ ಹಲಗೆ ಹೊಡೆದು ನಡುವೆ ಮರಳು ತುಂಬಿದರು. ಸಿಕ್ಕ ಫಿರಂಗಿ, ಮಷಿನ್ ಗನ್ ಏರಿಸಿದರು. ಮೊದಲ ರೈಲು ನವೆಂಬರ್ ಮುಗಿಯುವ ಮೊದಲೇ ನಾರ್ವಾ ಕಡೆಗೆ ಹೊರಟಿತು. ಅದರಲ್ಲಿ ಹೋದವರೆಲ್ಲ ಸ್ವಯಂಸೇವಕರು. ಚಳಿಗಾಲದ ಹಿಮದಲ್ಲಿ ರಸ್ತೆಗಳು ಮುಚ್ಚಿಹೋದಾಗ ಯುದ್ಧ ನಡೆಯುತ್ತಿದ್ದುದೇ ರೈಲು ಹಳಿಯ ಗುಂಟ. ಹಾಗಾಗಿ ಈ ಮರಳು ತುಂಬಿದ ಬೋಗಿಗಳು ಶತ್ರುವನ್ನು ತಡೆದವು.

ಆದರೂ 1919ರ ಜನವರಿ ಮೊದಲ ವಾರದಲ್ಲಿ ಕೆಂಪು ಸೇನೆ ತಾಲಿನ್‌ನಿಂದ ಮೂವತ್ತೈದು ಕಿಲೋಮೀಟರ್ ಆಸುಪಾಸಿಗೆ ಬಂದಿತ್ತು. ಅಷ್ಟರಲ್ಲಿ ಬ್ರಿಟಿಷ್ ನೌಕಾಪಡೆ ಬಂದು, ರಷ್ಯಾದ ಎರಡು ಯುದ್ಧನೌಕೆಗಳನ್ನು ಹಿಡಿದು ಎಸ್ಟೋನಿಯಾಗೆ ಕೊಟ್ಟಿತು. ನೌಕಾಪಡೆಯ ಮುಖ್ಯಸ್ಥರು ಯಾರು? ಅದೇ ಪಿಟ್ಕಾ. ಕೈತ್ಸೆಲೀಟ್‌ನ ಹೊಣೆಯನ್ನು ಬೇರೆಯವರಿಗೆ ವಹಿಸಿ ಅವರು ಸಮುದ್ರಕ್ಕೆ ಇಳಿದಿದ್ದರು. ಜನವರಿ 17ರಂದು ಶತ್ರುವಿನ ಬೆನ್ನ ಹಿಂದೆ, ಉತ್ರಿಯಾ ಎಂಬ ತೀರದಲ್ಲಿ ಅವರ ಹಡಗುಗಳು ಸುಮಾರು ಸಾವಿರ ಮಂದಿಯನ್ನು ಇಳಿಸಿದವು. ಅವರಲ್ಲಿ ಹೆಚ್ಚಿನವರು ನೆರೆಯ ಫಿನ್ಲೆಂಡಿನಿಂದ ಬಂದ ಸ್ವಯಂಸೇವಕರು. ಎರಡು ದಿನದಲ್ಲಿ ನಾರ್ವಾ ಮತ್ತೆ ಎಸ್ಟೋನಿಯಾದ್ದಾಯಿತು. 1920ರ ಫೆಬ್ರವರಿ 2ರಂದು ಟಾರ್ಟು ನಗರದಲ್ಲಿ ಶಾಂತಿ ಒಪ್ಪಂದವಾಗಿ, ಎಸ್ಟೋನಿಯಾದ ಸ್ವಾತಂತ್ರ್ಯವನ್ನು ಸೋವಿಯತ್ ರಷ್ಯಾ ಒಪ್ಪಿತು. ಆಗ ಆ ದೇಶದ ಜನಸಂಖ್ಯೆ ಸುಮಾರು ಹನ್ನೊಂದು ಲಕ್ಷ, ನಮ್ಮ ಒಂದು ಸಣ್ಣ ಜಿಲ್ಲೆಯಷ್ಟು. ಪಿಟ್ಕಾ ಅಡ್ಮಿರಲ್ ಆದರು, ಬ್ರಿಟನ್ ಅವರಿಗೆ ಸರ್ ಪದವಿ ಕೊಟ್ಟಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಅವರದು ಗೋಡೆಯ ಮೇಲಿನ ಫೋಟೋ ಆಗಿ ಉಳಿಯುತ್ತಿತ್ತೇನೋ. ಆದರೆ ಶಾಂತಿಕಾಲ ಅವರಿಗೆ ಒಗ್ಗಲಿಲ್ಲ. ನೇರ ಮಾತಿನ, ಹಟದ ಮನುಷ್ಯ. ರಾಜಕೀಯಕ್ಕೆ ಬಂದರು, ಯಾರೊಂದಿಗೂ ಹೊಂದಲಿಲ್ಲ. 1924ರಲ್ಲಿ ಐವತ್ತೆರಡನೇ ವಯಸ್ಸಿನಲ್ಲಿ ಸಂಸಾರ ಸಮೇತ ಕೆನಡಾಕ್ಕೆ ಹೋಗಿ, ಬ್ರಿಟಿಷ್ ಕೊಲಂಬಿಯಾದ ಸ್ಟುವರ್ಟ್ ಸರೋವರದ ಬಳಿ ಕಾಡು ಕಡಿದು ಬೇಸಾಯಕ್ಕಿಳಿದರು. ಅದೇ ವರ್ಷ ಡಿಸೆಂಬರ್ 1ರಂದು ತಾಲಿನ್‌ನಲ್ಲಿ ಕಮ್ಯುನಿಸ್ಟರು ಅಧಿಕಾರ ಕಸಿಯಲು ಹೋಗಿ ಕೆಲವೇ ಗಂಟೆಗಳಲ್ಲಿ ಸೋತರು. ಅದಾದ ಮೇಲೆ ಯುದ್ಧಾನಂತರ ಮೂಲೆಗೆ ಸೇರಿದ್ದ ಕೈತ್ಸೆಲೀಟ್‌ಗೆ ಮರುಹುಟ್ಟು ಬಂತು. ಊರೂರಿಗೆ ಶಾಖೆ, ಮಹಿಳೆಯರಿಗೆ, ಮಕ್ಕಳಿಗೆ ಬೇರೆ ಬೇರೆ ಘಟಕ. 1940ರ ಹೊತ್ತಿಗೆ ಅದರಲ್ಲಿ 40 ಸಾವಿರಕ್ಕೂ ಹೆಚ್ಚು ಮಂದಿ ಇದ್ದರು. ಕಟ್ಟಿದವರು ಮಾತ್ರ ಆಗ ಕೆನಡಾದ ಕಾಡಿನಲ್ಲಿ ಮರದ ಬೇರು ಕೀಳುತ್ತಿದ್ದರು.

1930ರಲ್ಲಿ ಅವರು ವಾಪಸು ಬಂದರು. ಬಂದವರು ಮಾಜಿ ಯೋಧರ ಒಂದು ಚಳವಳಿಯ ಮುಂಚೂಣಿಯಲ್ಲಿ ಕೆಲಕಾಲ ಇದ್ದು, ನಂತರ ದೂರವಾದರು. ಆ ಚಳವಳಿ ಒಬ್ಬನೇ ಬಲಿಷ್ಠ ನಾಯಕ ಬೇಕೆನ್ನುವ ದಾರಿ ಹಿಡಿದಿತ್ತು. ಅವರನ್ನು ಮೆಚ್ಚುವ ನಾನೂ ಈ ಭಾಗವನ್ನು ಮುಚ್ಚಿಡಲಾರೆ.

1939ರಲ್ಲಿ ಸೋವಿಯತ್ ಒಕ್ಕೂಟ ಒತ್ತಡ ಹೇರಿ ಎಸ್ಟೋನಿಯಾದೊಳಗೆ ತನ್ನ ಸೇನಾ ನೆಲೆಗಳನ್ನು ಹಾಕಿಸಿಕೊಂಡಿತು. ಮರುವರ್ಷ ಜೂನ್‌ನಲ್ಲಿ ದೇಶವನ್ನೇ ನುಂಗಿತು. ಪ್ರತಿರೋಧ ಬೇಡವೆಂದು ಸರ್ಕಾರವೇ ಆದೇಶ ಕೊಟ್ಟಿತು. 40 ಸಾವಿರ ಸ್ವಯಂಸೇವಕರು ಮನೆಯಲ್ಲಿದ್ದ ಬಂದೂಕುಗಳನ್ನು ತಂದು ಒಪ್ಪಿಸಿದರು. ಅದು ಸರಿಯೋ ತಪ್ಪೋ ಎಂಬ ವಾದ ಅಲ್ಲಿ ಇಂದಿಗೂ ನಿಂತಿಲ್ಲ. ಊಟದ ಮೇಜಿನಲ್ಲಿ ನನ್ನ ಸಹೋದ್ಯೋಗಿಗಳು ಆ ವಿಷಯಕ್ಕೆ ಧ್ವನಿ ಏರಿಸಿದ್ದನ್ನು ನಾನೇ ಕೇಳಿದ್ದೇನೆ. ಹೊರಗಿನವನಾದ ನಾನು ತೀರ್ಪು ಕೊಡಲಾರೆ.

ಪಿಟ್ಕಾ ಫಿನ್ಲೆಂಡಿಗೆ ತಪ್ಪಿಸಿಕೊಂಡರು. ಅವರ ಮೂವರು ಗಂಡುಮಕ್ಕಳನ್ನು ಸೋವಿಯತ್ ರಹಸ್ಯ ಪೊಲೀಸರು ಹಿಡಿದುಕೊಂಡು ಹೋದರು. ಮೂವರಲ್ಲಿ ಒಬ್ಬರೂ ಮರಳಲಿಲ್ಲ. 1941ರಲ್ಲಿ ಜರ್ಮನ್ನರು ಬಂದಾಗ ಓಮಕೈತ್ಸೆ ಎಂಬ ಹಳೆಯ ಹೆಸರು ಮತ್ತೆ ಎದ್ದಿತು. ಆದರೆ ಈ ಬಾರಿ ಅದು ಜರ್ಮನ್ನರ ಕೈಕೆಳಗಿನ ಪಡೆ. ಅದರಲ್ಲಿದ್ದ ಕೆಲವರು ಯೆಹೂದ್ಯರ ಮತ್ತು ಇತರರ ಹತ್ಯೆಯಲ್ಲಿ ಭಾಗಿಯಾದರು. ಊರು ಕಾಯಲು ಹುಟ್ಟಿದ ಹೆಸರು ಊರವರನ್ನೇ ಕೊಲ್ಲಲು ಬಳಕೆಯಾಯಿತು. ಪಿಟ್ಕಾ ಆಗ ದೇಶದಲ್ಲಿರಲಿಲ್ಲ.

1944ರಲ್ಲಿ ಕೆಂಪು ಸೇನೆ ಮತ್ತೆ ಸಮೀಪಿಸಿದಾಗ ಎಪ್ಪತ್ತೆರಡು ವರ್ಷದ ಮುದುಕ ಸುರಕ್ಷಿತವಾದ ಫಿನ್ಲೆಂಡನ್ನು ಬಿಟ್ಟು ಊರಿಗೆ ಬಂದರು. ಜರ್ಮನ್ನರು ಕಾಲ್ತೆಗೆಯುವ, ರಷ್ಯನ್ನರು ಬರುವ ನಡುವಿನ ಕೆಲವು ದಿನಗಳಲ್ಲಿ ದೇಶಕ್ಕೊಂದು ಸರ್ಕಾರ, ಒಂದು ಧ್ವಜ ಇತ್ತೆಂದು ಜಗತ್ತಿಗೆ ತೋರಿಸಬೇಕು ಎನ್ನುವುದು ಕೆಲವರ ಪ್ರಯತ್ನ. ಸೆಪ್ಟೆಂಬರ್ 18ರಂದು ಓಟೋ ಟೀಫ್ ಎಂಬವರ ನೇತೃತ್ವದಲ್ಲಿ ಸರ್ಕಾರ ರಚನೆಯಾಯಿತು. ಕೋಟೆಯ ಬುರುಜಿನ ಮೇಲೆ ನೀಲಿ, ಕಪ್ಪು, ಬಿಳಿ ಧ್ವಜ ಏರಿತು. ಪಿಟ್ಕಾ ಕೈಗೆ ಸಿಕ್ಕ ಯುವಕರನ್ನು ಸೇರಿಸಿ ಒಂದು ಪಡೆ ಕಟ್ಟಿದರು. 1918ರಲ್ಲಿ ಮಾಡಿದ್ದನ್ನೇ ಮತ್ತೊಮ್ಮೆ ಮಾಡಲು ಹೊರಟಿದ್ದರು. ಈ ಸಲ ಬ್ರಿಟಿಷ್ ಹಡಗುಗಳು ಬರಲಿಲ್ಲ. ಅವರ ಹುಡುಗರು ಹೊರಟು ಹೋಗುತ್ತಿದ್ದ ಜರ್ಮನ್ನರೊಂದಿಗೂ ಬರುತ್ತಿದ್ದ ಕೆಂಪು ಸೇನೆಯೊಂದಿಗೂ ಕಾದಾಡಿದರು. ಸೆಪ್ಟೆಂಬರ್ 22ರಂದು ತಾಲಿನ್ ಬಿದ್ದಿತು, ಧ್ವಜ ಇಳಿಯಿತು.

ಕೈತ್ಸೆಲೀಟ್ 1990ರ ಫೆಬ್ರವರಿಯಲ್ಲಿ, ದೇಶ ಪೂರ್ತಿ ಸ್ವತಂತ್ರವಾಗುವ ಒಂದೂವರೆ ವರ್ಷ ಮೊದಲೇ, ಜನರಿಂದಲೇ ಮತ್ತೆ ಆರಂಭವಾಯಿತು. 2007ರಲ್ಲಿ ಆ ದೇಶದ ಬ್ಯಾಂಕು, ಪತ್ರಿಕೆ, ಸರ್ಕಾರಿ ಕಂಪ್ಯೂಟರ್‌ಗಳ ಮೇಲೆ ದೊಡ್ಡ ದಾಳಿಯಾದ ಬಳಿಕ ಅದರಲ್ಲಿ ಸೈಬರ್ ಘಟಕವೂ ಸೇರಿತು. ಅಲ್ಲಿ ಬಿಡುವಿನ ವೇಳೆಯಲ್ಲಿ ದುಡಿಯುವವರು ನನ್ನಂಥ ಸಾಫ್ಟ್‌ವೇರ್‌ನವರೇ. 2000ದಲ್ಲಿ ಡೆನ್ಮಾರ್ಕ್ ಕೊಟ್ಟ ಹಡಗಿಗೆ ನೌಕಾಪಡೆ ಇಟ್ಟ ಹೆಸರು ಅಡ್ಮಿರಲ್ ಪಿಟ್ಕಾ.

ಪಿಟ್ಕಾ ಅವರ ಹೆಂಡತಿ, ಹೆಣ್ಣುಮಕ್ಕಳು ಸಮುದ್ರ ದಾಟಿ ತಪ್ಪಿಸಿಕೊಂಡು ಕೊನೆಗೆ ಕೆನಡಾ ಸೇರಿದರು. ಅವರು ಮಾತ್ರ ತಾಲಿನ್ ಬಿದ್ದ ಆ ದಿನಗಳಲ್ಲೇ ಕಾಣೆಯಾದರು. ಕಾಡಿನಲ್ಲಿ ಹೋರಾಡುತ್ತಾ ಮಡಿದರು ಎನ್ನುವವರಿದ್ದಾರೆ, ದೋಣಿ ಮುಳುಗಿತು ಎನ್ನುವವರಿದ್ದಾರೆ. ಅವರ ದೇಹ ಇದುವರೆಗೆ ಸಿಕ್ಕಿಲ್ಲ.